ಪಾಸ್‌ವರ್ಡ್ ಸರಿ ಇದೆ, ಬಾಗಿಲು ಯಾಕೆ ತೆರೆಯುತ್ತಿಲ್ಲ?



ಯೂಸರ್ ಐಡಿ ಸರಿ ಇರುತ್ತದೆ. ಪಾಸ್‌ವರ್ಡೂ ಸರಿ. ಕ್ಯಾಪ್ಚಾದ ಆ ಸೊಟ್ಟ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ನೋಡಿ ಅದನ್ನೂ ಸರಿಯಾಗೇ ಹಾಕಿರುತ್ತೀರಿ. ಲಾಗಿನ್ ಒತ್ತುತ್ತೀರಿ. ಪುಟ ಒಮ್ಮೆ ಬೆಳ್ಳಗಾಗಿ, ಮತ್ತೆ ಅದೇ ಲಾಗಿನ್ ಪುಟ ಎದುರಿಗೆ! ಏನು ತಪ್ಪಾಯಿತು ಅಂತ ಒಂದು ಅಕ್ಷರವೂ ಇಲ್ಲ. ಇನ್ನೊಮ್ಮೆ ಮಾಡಿದರೆ ‘ಸೆಷನ್ ಎಕ್ಸ್‌ಪೈರ್ಡ್’. ಮತ್ತೊಮ್ಮೆ ಮಾಡಿದರೆ ‘ಇನ್‌ವ್ಯಾಲಿಡ್ ಕ್ಯಾಪ್ಚಾ’. ಹೀಗೇ ಒತ್ತುತ್ತಾ ಹೋದರೆ ಕೊನೆಗೆ ಖಾತೆಯೇ ಲಾಕ್.

ಆಗ ನಾವು ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾಡುತ್ತೇವೆ. ‘ಸರ್ವರ್ ಡೌನ್ ಅದ’ ಅಂತ ಕೈಚೆಲ್ಲಿ ಕೂರುತ್ತೇವೆ. ಇಲ್ಲವೇ ನೆಟ್ ಸೆಂಟರಿಗೆ ಹೋಗಿ ಪಾಸ್‌ವರ್ಡನ್ನು ಚೀಟಿಯ ಮೇಲೆ ಬರೆದು ಕೊಟ್ಟು ಬರುತ್ತೇವೆ. ಇಲ್ಲವೇ ಯಾರೋ ಹೇಳಿದರು ಅಂತ ಬ್ರೌಸರಿನಲ್ಲಿರುವ ಎಲ್ಲ ರಕ್ಷಣೆಗಳನ್ನೂ ಆಫ್ ಮಾಡಿ ಹಾಗೇ ಬಿಟ್ಟುಬಿಡುತ್ತೇವೆ. ಈ ಮೂರೂ ಬೇಕಿಲ್ಲ ಅನ್ನುವುದು ನನ್ನ ವಾದ. ಬಾಗಿಲು ತೆರೆಯುತ್ತಿಲ್ಲ ಅಂತ ಯಾರಾದರೂ ಮನೆಯ ಗೋಡೆ ಒಡೆಯುತ್ತಾರೆಯೇ? ಯಾವ ಚಿಲಕ ಸಿಕ್ಕಿಕೊಂಡಿದೆ ನೋಡಿ ಅದೊಂದನ್ನೇ ತೆಗೆಯಬೇಕು. ಕೆಲಸ ಮುಗಿದ ಮೇಲೆ ಮತ್ತೆ ಹಾಕಬೇಕು. ಇದನ್ನು ಮಾಡಲು ಕಂಪ್ಯೂಟರ್ ಓದಿರಬೇಕಾಗಿಲ್ಲ.

ಗಡಿಯಾಚೆಯ ನಮಗೆ ಇದು ಯಾಕೆ ದೊಡ್ಡ ವಿಷಯ

ಬೆಂಗಳೂರಿನ ಮಗುವಿಗೆ ಒಂದು ರಾಜ್ಯದ ಜಾಲತಾಣ ಸಾಕು. ನಮ್ಮ ಮಕ್ಕಳಿಗೆ ಸಾಲದು. ಕಾರಣ ಹಳೆಯದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು. ಆದರೆ ಅದರ ಗದ್ವಾಲ್, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಬಂದವು. ಗುಲ್ಬರ್ಗಾ ಜಿಲ್ಲೆಯದೂ ಹಾಗೇ, ಕೊಡಂಗಲ್ ಮತ್ತು ತಾಂಡೂರು ಈ ಕಡೆಗೆ. 2014ರಲ್ಲಿ ತೆಲಂಗಾಣ ಆಯಿತು. 2016ರಲ್ಲಿ ಜೋಗುಳಾಂಬಾ ಗದ್ವಾಲ್ ಜಿಲ್ಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ. ನಮ್ಮ ಗುಂಡುಮಾಲ್ ಮೊದಲು ಕೋಸ್ಗಿ ಮಂಡಲಕ್ಕೆ ಸೇರಿತ್ತು, ಈಗ ತಾನೇ ಒಂದು ಮಂಡಲ. ಊರು ಅಲ್ಲೇ ಇದೆ, ವಿಳಾಸ ಮಾತ್ರ ಬದಲಾಗುತ್ತಲೇ ಬಂದಿದೆ.

ಇಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿ ತೆಲಂಗಾಣದ ವಿದ್ಯಾರ್ಥಿವೇತನಕ್ಕೆ ಒಂದು ಜಾಲತಾಣಕ್ಕೆ ಹೋಗಬೇಕು, ಡಿಗ್ರಿ ಪ್ರವೇಶಕ್ಕೆ ‘ದೋಸ್ತ್’ ಅನ್ನುವ ಇನ್ನೊಂದಕ್ಕೆ. ರಾಯಚೂರು ಕಡೆ ಓದಬೇಕೆಂದರೆ ಕರ್ನಾಟಕದ ಜಾಲತಾಣಗಳು ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ, ಅದಕ್ಕೊಂದು ಕನ್ನಡ ಪರೀಕ್ಷೆಯೂ ಇದೆ. ಆದರೆ ಅರ್ಜಿ ಹಾಕುವುದು ಆನ್‌ಲೈನಿನಲ್ಲೇ. ಇವೆಲ್ಲದರ ಜೊತೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್.

ಮಾಸ್ತರರ ಪಾಡೂ ಇದೇ. ಶಾಲೆಯ ಲೆಕ್ಕ ತುಂಬಲು ಯುಡೈಸ್ ಪ್ಲಸ್, ತರಬೇತಿಗೆ 2017ರಲ್ಲಿ ಶುರುವಾದ ದೀಕ್ಷಾ, ಮಕ್ಕಳ ಅರ್ಜಿ ಪರಿಶೀಲಿಸಲು ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಶಾಲೆಯ ಲಾಗಿನ್.

ಎನ್‌ಎಂಎಂಎಸ್ ಉದಾಹರಣೆ ನೋಡಿ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಕೂಲಿ ಮಾಡುವ ಮನೆಗೆ ಇದು ಸಣ್ಣ ದುಡ್ಡಲ್ಲ. ಆದರೆ ಒಮ್ಮೆ ಆಯ್ಕೆಯಾದರೆ ಸಾಲದು, ಪ್ರತಿವರ್ಷ ಪೋರ್ಟಲಿಗೆ ಹೋಗಿ ನವೀಕರಿಸಬೇಕು. ಮಗು ಅರ್ಜಿ ಹಾಕಿದ ಮೇಲೆ ಶಾಲೆಯವರು ತಮ್ಮ ಲಾಗಿನ್‌ನಿಂದ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು, ಆಮೇಲೆ ಜಿಲ್ಲಾ ಮಟ್ಟದಲ್ಲಿ ಮತ್ತೊಮ್ಮೆ. ಈ ಮೂರು ಬಾಗಿಲುಗಳಲ್ಲಿ ಯಾವ ಒಂದು ಕೊನೆಯ ದಿನ ತೆರೆಯದಿದ್ದರೂ ಆ ವರ್ಷದ ಹಣಕ್ಕೆ ಕುತ್ತು. ಪರೀಕ್ಷೆ ಪಾಸಾದ ಮಗು ಲಾಗಿನ್‌ನಲ್ಲಿ ಫೇಲಾಗುವುದೇ?

ಚೀಟಿಯ ಕಥೆ

ಈಗ ಮೂಲಕ್ಕೆ ಬರೋಣ. ಬ್ರೌಸರಿಗೂ ಜಾಲತಾಣಕ್ಕೂ ನಡುವೆ ಮಾತುಕತೆ ನಡೆಸುವ ವ್ಯವಸ್ಥೆಗೆ ನೆನಪು ಅನ್ನುವುದೇ ಇಲ್ಲ. ನೀವು ಒಂದು ಪುಟ ಕೇಳುತ್ತೀರಿ, ಅದು ಕೊಡುತ್ತದೆ, ಅಲ್ಲಿಗೆ ಮರೆತುಬಿಡುತ್ತದೆ. ಮುಂದಿನ ಪುಟ ಕೇಳಿದಾಗ ನೀವು ಮತ್ತೆ ಹೊಸಬರು. ಹೀಗಾದರೆ ಲಾಗಿನ್ ನಡೆಯುವುದು ಹೇಗೆ?

ದವಾಖಾನೆಯ ಓಪಿ ಚೀಟಿ ನೆನಪಿಸಿಕೊಳ್ಳಿ. ಮೊದಲ ಕಿಟಕಿಯಲ್ಲಿ ಹೆಸರು ಹೇಳಿ ಚೀಟಿ ತಗೊಳ್ಳುತ್ತೀರಿ. ಆಮೇಲೆ ಡಾಕ್ಟರ ಹತ್ತಿರ, ರಕ್ತ ಪರೀಕ್ಷೆಗೆ, ಔಷಧಿಗೆ, ಎಲ್ಲಿ ಹೋದರೂ ಹೆಸರು ಕೇಳುವುದಿಲ್ಲ, ‘ಚೀಟಿ ತೋರಿಸ್ರಿ’ ಅಂತಾರೆ. ಜಾಲತಾಣ ನಿಮ್ಮ ಬ್ರೌಸರಿಗೆ ಕೊಡುವ ಇಂಥ ಚೀಟಿಗೇ ಕುಕಿ ಅಂತ ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬ ಎಂಜಿನಿಯರ್ ಇದನ್ನು ಮಾಡಿದರು. ಇವತ್ತಿಗೂ ಬಹುತೇಕ ಜಾಲತಾಣಗಳ ಲಾಗಿನ್ ನಿಂತಿರುವುದು ಈ ಚೀಟಿಯ ಮೇಲೆಯೇ.

ಈಗ ದವಾಖಾನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತು, ನಿಮಗೆ ಕೊಟ್ಟ ಚೀಟಿಯನ್ನು ಪ್ರತಿಸಲ ಕಿತ್ತು ಬಿಸಾಡಿದರೆ? ನೀವು ಎಷ್ಟು ಸಲ ಹೆಸರು ಹೇಳಿದರೂ ಎರಡನೇ ಕಿಟಕಿಯಲ್ಲಿ ‘ಚೀಟಿ ಇಲ್ಲ, ಮೊದಲ ಕಿಟಕಿಗೆ ಹೋಗ್ರಿ’ ಅಂತಲೇ ಉತ್ತರ. ಲಾಗಿನ್ ಪುಟ ಸುತ್ತಿ ಸುತ್ತಿ ಬರುವುದರ ಗುಟ್ಟು ಇಷ್ಟೇ. ಕ್ಯಾಪ್ಚಾ ಸರಿ ಹಾಕಿದರೂ ತಪ್ಪು ಅನ್ನುವುದಕ್ಕೂ ಎಷ್ಟೋ ಸಲ ಇದೇ ಕಾರಣ. ನಿಮಗೆ ತೋರಿಸಿದ ಅಕ್ಷರಗಳು ಯಾವುವು ಅಂತ ಸರ್ವರ್ ಆ ಚೀಟಿಯ ನಂಬರಿನ ಎದುರು ಬರೆದುಕೊಂಡಿರುತ್ತದೆ. ಚೀಟಿಯೇ ಇಲ್ಲದಿದ್ದರೆ ನಿಮ್ಮ ಉತ್ತರವನ್ನು ಯಾವುದರ ಜೊತೆ ಹೋಲಿಸಬೇಕು? ಹತ್ತು ಸಲ ಹಾಕಿದರೂ ಹತ್ತು ಸಲ ತಪ್ಪು.

ಹಾಗಾದರೆ ಕಾವಲುಗಾರನನ್ನು ಯಾಕೆ ಇಟ್ಟರು? ಅದಕ್ಕೂ ಕಾರಣವಿದೆ. ಸಂತೆಗೆ ಹೋಗುತ್ತೀರಿ ಅಂದುಕೊಳ್ಳಿ. ಪ್ರತಿ ಅಂಗಡಿಯಲ್ಲೂ ಒಂದೇ ಕಂಪನಿಯ ಒಬ್ಬೊಬ್ಬ ಹುಡುಗ ಕೂತಿದ್ದಾನೆ. ನೀವು ಬಳೆ ಅಂಗಡಿಯಲ್ಲಿ ಏನು ಕೇಳಿದಿರಿ, ಔಷಧಿ ಅಂಗಡಿಯಲ್ಲಿ ಯಾವ ಗುಳಿಗೆ ತಗೊಂಡಿರಿ, ಯಾರ ಹತ್ತಿರ ಸಾಲ ಕೇಳಿದಿರಿ, ಎಲ್ಲ ಒಂದೇ ವಹಿಯಲ್ಲಿ ಸೇರುತ್ತದೆ. ಅಂಗಡಿಯವನಲ್ಲದ, ನೀವೂ ಅಲ್ಲದ ಈ ಮೂರನೆಯವನು ಕೊಡುವ ಚೀಟಿಯೇ ಥರ್ಡ್ ಪಾರ್ಟಿ ಕುಕಿ. ಜಾಹೀರಾತು ಕಂಪನಿಗಳು ವರ್ಷಗಟ್ಟಲೆ ಇದರ ಮೇಲೆಯೇ ವ್ಯಾಪಾರ ಮಾಡಿದವು. ಜನ ಬೇಸತ್ತರು, ಬ್ರೌಸರ್ ಮಾಡುವವರು ಕಾವಲು ಬಿಗಿ ಮಾಡಿದರು.

ಆ್ಯಪಲ್‌ನ ಸಫಾರಿ 2017ರಲ್ಲಿ ಶುರು ಮಾಡಿ 2020ರ ಮಾರ್ಚ್ ಹೊತ್ತಿಗೆ ಇಂಥ ಕುಕಿಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2019ರಲ್ಲಿ ಹಿಂಬಾಲಿಸುವ ಕುಕಿಗಳನ್ನು ತಾನಾಗಿಯೇ ತಡೆಯತೊಡಗಿತು, 2022ರಲ್ಲಿ ಪ್ರತಿ ಜಾಲತಾಣದ ಚೀಟಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುವ ವ್ಯವಸ್ಥೆ ತಂದಿತು. ಗೂಗಲ್ ಮಾತ್ರ 2020ರ ಜನವರಿಯಲ್ಲಿ ಕ್ರೋಮ್‌ನಿಂದಲೂ ಅವನ್ನು ತೆಗೆಯುತ್ತೇವೆ ಅಂತ ಸಾರಿ, 2024ರ ಜನವರಿಯಲ್ಲಿ ನೂರಕ್ಕೆ ಒಬ್ಬರ ಮೇಲೆ ಪ್ರಯೋಗ ಮಾಡಿ, ಅದೇ ವರ್ಷ ಜುಲೈನಲ್ಲಿ ಹಿಂದೆ ಸರಿದು, 2025ರ ಏಪ್ರಿಲ್‌ನಲ್ಲಿ ಇದ್ದ ಹಾಗೇ ಇರಲಿ ಅಂದಿತು. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾತ್ರ ಅವು ಮೊದಲಿಗೇ ಬಂದ್ ಆಗಿರುತ್ತವೆ.

ತೊಂದರೆ ಎಲ್ಲಿ ಅಂದರೆ, ಕೆಲವು ಲಾಗಿನ್‌ಗಳೂ ಮೂರನೆಯವರ ಮೂಲಕವೇ ನಡೆಯುತ್ತವೆ. ‘ಗೂಗಲ್ ಮೂಲಕ ಒಳಗೆ ಬನ್ನಿ’ ಅನ್ನುವ ಗುಂಡಿ, ಒಂದೇ ಐಡಿಯಿಂದ ಹತ್ತು ಸೇವೆಗೆ ಹೋಗುವ ವ್ಯವಸ್ಥೆ, ಪುಟದೊಳಗೆ ಚೌಕಟ್ಟಿನಲ್ಲಿ ತೆರೆಯುವ ಇನ್ನೊಂದು ಇಲಾಖೆಯ ಫಾರಂ... ಸಂತೆಯ ಗೂಢಚಾರ ಯಾರು, ಬೇರೆ ಆಫೀಸಿನಿಂದ ಬಂದ ನಿಜವಾದ ಗುಮಾಸ್ತ ಯಾರು ಅಂತ ಕಾವಲುಗಾರನಿಗೆ ಯಾವಾಗಲೂ ಗೊತ್ತಾಗುವುದಿಲ್ಲ. ಇಬ್ಬರನ್ನೂ ಹೊರಗೆ ನಿಲ್ಲಿಸುತ್ತಾನೆ. ಬ್ರೌಸರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದರಿಂದ ‘ನಿನ್ನೆ ತೆರೀತಿತ್ತು, ಇವತ್ತು ಯಾಕಿಲ್ಲ? ನಾನೇನೂ ಮುಟ್ಟಿಲ್ಲ’ ಅನ್ನುವ ಮಾತೂ ನಿಜವೇ ಆಗಿರಬಹುದು.

ಏನು ಮಾಡಬೇಕು

ಈಚೆಗೆ ಒಬ್ಬ ತಂದೆ ಫೋನ್ ಮಾಡಿದ್ದರು. ‘ಸರ್, ಎಲ್ಲಾ ಬರೋಬರ್ ಹಾಕೀನ್ರಿ, ತಿರುಗಿ ಅದೇ ಪುಟಕ್ಕ ಬರ್ತದ್ರಿ. ನಮ್ಮ ಹುಡುಗಿ ಅಳಾಕತ್ಯಾಳ.’ ಯಾವ ಜಾಲತಾಣ ಅನ್ನುವುದು ಇಲ್ಲಿ ಬೇಡ. ‘ಅಣ್ಣಾ, ಪಾಸ್‌ವರ್ಡ್ ಬದಲಿ ಮಾಡಬ್ಯಾಡ್ರಿ. ಫೋನಿನ್ಯಾಗ ಬ್ಯಾರೆ ಬ್ರೌಸರ್ ಅದ ಏನ್ ನೋಡ್ರಿ’ ಅಂದೆ. ಇತ್ತು. ಅದರಲ್ಲಿ ಮೊದಲ ಸಲಕ್ಕೇ ತೆರೆಯಿತು. ಹುಡುಗಿಯ ಪಾಸ್‌ವರ್ಡ್ ಮೊದಲಿನಿಂದಲೂ ಸರಿಯಾಗೇ ಇತ್ತು. ಅಷ್ಟು ಹೊತ್ತು ಆಕೆ ತನ್ನದೇ ತಪ್ಪು ಅಂದುಕೊಂಡಿದ್ದಳು.

ಹಾಗಾಗಿ ಕ್ರಮವಾಗಿ ನೋಡಬೇಕಾದದ್ದನ್ನು ಬರೆಯುತ್ತೇನೆ. ಬೇಕಾದವರು ಶಾಲೆಯ ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ.

1. ಫೋನಿನ ಅಥವಾ ಕಂಪ್ಯೂಟರಿನ ದಿನಾಂಕ, ಗಂಟೆ ಸರಿ ಇದೆಯೇ ನೋಡಿ. ಹಳೆಯ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸುರಕ್ಷತೆಯ ಎಚ್ಚರಿಕೆ ಬಂದು ಪುಟವೇ ತೆರೆಯುವುದಿಲ್ಲ.

2. ಅದೇ ಜಾಲತಾಣದ ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ. ಮೊನ್ನೆ ಉಳಿಸಿಟ್ಟುಕೊಂಡ ಒಳಪುಟದ ಕೊಂಡಿಯಿಂದ ಹೋಗಬೇಡಿ. ಮುಖ್ಯ ವಿಳಾಸವನ್ನೇ ಹೊಸದಾಗಿ ಬರೆದು ಹೋಗಿ. ಯಾರೋ ಗುಂಪಿಗೆ ಕಳಿಸಿದ ಕೊಂಡಿಯನ್ನು ಕೆಲವು ಆ್ಯಪ್‌ಗಳು ತಮ್ಮೊಳಗಿನ ಪುಟ್ಟ ಬ್ರೌಸರಿನಲ್ಲೇ ತೆರೆಯುತ್ತವೆ, ಅದರ ಚೀಟಿಗಳೇ ಬೇರೆ. ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದೇ ಹೋಗಿ.

3. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ಪ್ರಯತ್ನಿಸಿ. ಅಲ್ಲಿ ತೆರೆದರೆ, ನಿಮ್ಮ ಮಾಮೂಲಿ ಕಿಟಕಿಯಲ್ಲಿ ಹಳೆಯ ಚೀಟಿ ಕೊಳೆತು ಕೂತಿದೆ, ಇಲ್ಲವೇ ಜಾಹೀರಾತು ತಡೆಯುವಂಥ ಯಾವುದೋ ಎಕ್ಸ್‌ಟೆನ್ಶನ್ ಅಡ್ಡ ಬರುತ್ತಿದೆ ಅಂತ ಅರ್ಥ. ಅಲ್ಲಿ ತೆರೆಯದಿದ್ದರೆ ಗಾಬರಿ ಬೇಡ. ಇನ್‌ಕಾಗ್ನಿಟೊದಲ್ಲಿ ಕಾವಲು ಇನ್ನೂ ಬಿಗಿ ಅಂತ ಆಗಲೇ ಹೇಳಿದೆನಲ್ಲ.

4. ಹಳೆಯ ಚೀಟಿ ಅಳಿಸುವುದಾದರೆ ಆ ಒಂದು ಜಾಲತಾಣದ್ದನ್ನು ಮಾತ್ರ ಅಳಿಸಿ. ವಿಳಾಸದ ಎಡಕ್ಕಿರುವ ಬೀಗದ ಅಥವಾ ಎರಡು ಗೆರೆಯ ಗುರುತನ್ನು ಒತ್ತಿದರೆ ಕುಕಿ ಮತ್ತು ಸೈಟ್ ಡೇಟಾ ಅಂತ ಸಿಗುತ್ತದೆ. ‘ಎಲ್ಲಾ ಹಿಸ್ಟರಿ ಕ್ಲಿಯರ್ ಮಾಡ್ರಿ’ ಅನ್ನುವ ಸಲಹೆ ಕೇಳಬೇಡಿ. ಮನೆಮಂದಿಗೆಲ್ಲ ಒಂದೇ ಫೋನ್ ಇರುವಲ್ಲಿ ಎಲ್ಲರ ಲಾಗಿನ್ನೂ ಹೋಗುತ್ತದೆ. ಟಿಕ್ ತಪ್ಪಿ ಒತ್ತಿದರೆ ಉಳಿಸಿಟ್ಟ ಪಾಸ್‌ವರ್ಡುಗಳೂ ಹೋಗುತ್ತವೆ.

5. ಬೇರೆ ಬ್ರೌಸರ್ ಹಾಕಿ ನೋಡಿ. ಅದರಲ್ಲಿ ತೆರೆದರೆ ಮೊದಲಿನ ಬ್ರೌಸರಿನ ಸೆಟ್ಟಿಂಗ್‌ನಲ್ಲೇ ವಿಷಯ ಇದೆ. ಎರಡರಲ್ಲೂ ಒಂದೇ ಉತ್ತರ ಬಂದರೆ ಅದು ಸರ್ವರಿನದೋ ನಿಮ್ಮ ಖಾತೆಯದೋ ತೊಂದರೆ. ಅಲ್ಲಿಗೆ ಒತ್ತುವುದನ್ನು ನಿಲ್ಲಿಸಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ದಿನಾಂಕ, ಗಂಟೆ ಬರೆದಿಟ್ಟುಕೊಳ್ಳಿ. ಮುಂದೆ ‘ನೀವು ಕೊನೆಯ ದಿನದೊಳಗೆ ಪ್ರಯತ್ನವನ್ನೇ ಮಾಡಿಲ್ಲ’ ಅಂದರೆ ತೋರಿಸಲು ಬೇಕಾಗುತ್ತದೆ.

6. ಸೆಟ್ಟಿಂಗ್‌ನದೇ ತೊಂದರೆ ಅಂತ ಖಚಿತವಾದರೆ ಆ ಒಂದು ಜಾಲತಾಣಕ್ಕೆ ಮಾತ್ರ ಅನುಮತಿ ಕೊಡಿ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಕ್ಕದ ಗುರಾಣಿ, ಬ್ರೇವ್‌ನಲ್ಲಿ ಸಿಂಹದ ಗುರುತು. ಅದನ್ನು ಒತ್ತಿ ಈ ಜಾಲತಾಣಕ್ಕೆ ರಕ್ಷಣೆ ಆಫ್ ಮಾಡಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ಥರ್ಡ್ ಪಾರ್ಟಿ ಕುಕೀಸ್. ಅಲ್ಲಿ ಯಾವ ಜಾಲತಾಣಕ್ಕೆ ಬಿಡಬೇಕೋ ಅದರ ಹೆಸರು ಸೇರಿಸಬಹುದು. ಓಟಿಪಿ ಕಿಟಕಿ ತೆರೆಯದಿದ್ದರೆ ಪಾಪ್‌ಅಪ್‌ಗೂ ಹೀಗೇ ಆ ಒಂದಕ್ಕೇ ಅನುಮತಿ. ಐಫೋನಿನ ಸಫಾರಿಯಲ್ಲಿ ‘ಪ್ರಿವೆಂಟ್ ಕ್ರಾಸ್ ಸೈಟ್ ಟ್ರ್ಯಾಕಿಂಗ್’ ಅನ್ನುವುದು ಇಡೀ ಬ್ರೌಸರಿಗೆ ಅನ್ವಯಿಸುವಂಥದ್ದು. ಹಾಗಾಗಿ ಆಫ್ ಮಾಡಿದರೆ ಕೆಲಸ ಮುಗಿದ ಕೂಡಲೇ ಆನ್ ಮಾಡಲೇಬೇಕು.

7. ವಿಪಿಎನ್ ಹಾಕಿಕೊಂಡಿದ್ದರೆ ತೆಗೆಯಿರಿ. ನೀವು ಮಖ್ತಲ್‌ನಲ್ಲಿ ಕೂತು ಹೊರದೇಶದಿಂದ ಬಂದ ಹಾಗೆ ಕಂಡರೆ ಕೆಲವು ಸರ್ಕಾರಿ ಜಾಲತಾಣಗಳು ಒಳಗೇ ಬಿಡುವುದಿಲ್ಲ.

ಇನ್ನೊಂದು ಮಾತು, ಫೀಜು ಕಟ್ಟುವವರಿಗೆ. ಅರ್ಜಿಯ ಪುಟದಿಂದ ಬ್ಯಾಂಕಿನ ಪುಟಕ್ಕೆ ಹೋಗುತ್ತೀರಿ, ಹಣ ಕಟ್ ಆಗುತ್ತದೆ, ವಾಪಸ್ ಬಂದರೆ ಲಾಗಿನ್ ಪುಟ! ಎದೆ ಧಸಕ್ಕೆನ್ನುತ್ತದೆ. ಇಲ್ಲೂ ಚೀಟಿಯ ಆಟವೇ ಇರಬಹುದು. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ ಒಂದು ಹೊಸ ನಿಯಮ ಶುರುವಾಯಿತು. ಬೇರೆ ಜಾಲತಾಣದ ಕಡೆಯಿಂದ ನೀವು ಬಂದಾಗ, ಮೊದಲೇ ಹೀಗೆ ಅಂತ ನಮೂದಿಸಿರದ ಚೀಟಿಯನ್ನು ಬ್ರೌಸರ್ ಕೆಲವು ಸಂದರ್ಭಗಳಲ್ಲಿ ಮುಂದಕ್ಕೆ ಕೊಡುವುದಿಲ್ಲ. ಹಳೆಯ ರೀತಿಯಲ್ಲಿ ಬರೆದ ಜಾಲತಾಣಗಳು ಇಲ್ಲಿ ಎಡವುತ್ತವೆ. ಹೀಗಾದಾಗ ಎರಡನೇ ಸಲ ಹಣ ಕಟ್ಟಬೇಡಿ. ಹೊಸದಾಗಿ ಲಾಗಿನ್ ಆಗಿ ಪಾವತಿಯ ಸ್ಥಿತಿ ನೋಡಿ. ಬ್ಯಾಂಕಿನ ಮೆಸೇಜಿನಲ್ಲಿರುವ ವ್ಯವಹಾರದ ನಂಬರ್ ಬರೆದಿಟ್ಟುಕೊಳ್ಳಿ.

ಎಲ್ಲವನ್ನೂ ಬ್ರೌಸರಿನ ತಲೆಗೆ ಕಟ್ಟುವುದೂ ಬೇಡ. ಆಧಾರ್‌ನಲ್ಲಿ ಇನ್ನೂ ಮಹಬೂಬ್‌ನಗರ ಜಿಲ್ಲೆ ಅಂತಿದ್ದು ಫಾರಂನಲ್ಲಿ ನಾರಾಯಣಪೇಟೆ ಅಂತಿದ್ದರೆ, ಹೆಸರಿನ ಇಂಗ್ಲಿಷ್ ಅಕ್ಷರ ಶಾಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ, ಅದಕ್ಕೆ ಮದ್ದು ಬೇರೆ. ಗುರುತು ಸುಲಭ. ಒಳಗೆ ಹೋದ ಮೇಲೆ ತಪ್ಪು ತೋರಿಸಿದರೆ ಬಹುತೇಕ ದಾಖಲೆಯ ತೊಂದರೆ. ಒಳಗೇ ಹೋಗಲಾರದೆ ಸುತ್ತುತ್ತಿದ್ದರೆ ಚೀಟಿಯ ತೊಂದರೆ.

‘ನಮ್ಮದರಾಗ ಮುಚ್ಚಿಡೂದೇನದ?’

ಇಷ್ಟೆಲ್ಲ ಯಾಕೆ, ರಕ್ಷಣೆಯನ್ನೇ ಶಾಶ್ವತವಾಗಿ ತೆಗೆದುಬಿಟ್ಟರಾಯಿತಲ್ಲ ಅನ್ನುವವರಿದ್ದಾರೆ. ‘ನಾವೇನು ದೊಡ್ಡ ಮಂದಿ ಏನ್ರಿ, ನಮ್ಮದರಾಗ ಮುಚ್ಚಿಡೂದೇನದ?’ ಅಂತಲೂ ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನಲಾರೆ. ಕೊನೆಯ ದಿನ ಎದುರಿಗಿರುವಾಗ ಖಾಸಗಿತನದ ಪಾಠ ಯಾರಿಗೂ ಬೇಡ, ಅರ್ಜಿ ಹೋದರೆ ಸಾಕು ಅನಿಸುತ್ತದೆ.

ಆದರೂ ನೋಡಿ. ವಿದ್ಯಾರ್ಥಿವೇತನದ ಒಂದು ಅರ್ಜಿಯಲ್ಲಿ ಮಗುವಿನ ಜಾತಿ, ತಂದೆಯ ಆದಾಯ, ಬ್ಯಾಂಕ್ ಖಾತೆ, ಆಧಾರ್, ಅಂಗವೈಕಲ್ಯ ಇದ್ದರೆ ಅದೂ ಇರುತ್ತದೆ. ಅದೇ ಫೋನಿನಲ್ಲಿ ರಾತ್ರಿ ಮನೆಯವರು ಸಾಲದ ಆ್ಯಪ್ ಹುಡುಕುತ್ತಾರೆ, ಕಾಯಿಲೆಯ ಹೆಸರು ಹುಡುಕುತ್ತಾರೆ. ಕಾವಲು ಪೂರ್ತಿ ತೆಗೆದರೆ ಹುಡುಕಾಟದ ಈ ಜಾಡೆಲ್ಲ ಸಂತೆಯ ಆ ಹುಡುಗರ ವಹಿಗೆ ಸೇರುತ್ತಾ ಹೋಗುತ್ತದೆ. ಸಾಲ ಬೇಕಾದವರು ಯಾರು ಅನ್ನುವ ಸುದ್ದಿಗೆ ಬೆಲೆ ಇದೆ. ಆ ಬೆಲೆ ನಮಗೆ ಬರುವುದಿಲ್ಲ, ಅಷ್ಟೇ.

ಖಾಸಗಿತನ ಶಹರದವರ ಶೋಕಿಯೂ ಅಲ್ಲ. ಅದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರು ಎಂಬತ್ತು ದಾಟಿದ್ದ ಹಿರಿಯರು, 2024ರಲ್ಲಿ ತೀರಿಕೊಂಡರು. ದೇಶಕ್ಕೆಲ್ಲ ಈ ಹಕ್ಕು ಸಿಕ್ಕಿದ್ದು ಒಬ್ಬ ಕನ್ನಡ ನಾಡಿನವರ ಹೆಸರಿನ ಮೊಕದ್ದಮೆಯಿಂದ ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಆಮೇಲೆ 2023ರಲ್ಲಿ ಸಂಸತ್ತು ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳು ಅಂತಲೇ ಎಣಿಸುತ್ತದೆ. ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನು ಗುರಿ ಮಾಡಿ ಜಾಹೀರಾತು ತೋರಿಸುವುದನ್ನೂ ಅದು ತಡೆಯುತ್ತದೆ, ಕೆಲವು ವಿನಾಯಿತಿಗಳನ್ನು ಬಿಟ್ಟು. ಕಾನೂನು ಇಷ್ಟು ಹೇಳುವಾಗ ಶಾಲೆಯ ಕಂಪ್ಯೂಟರಿನ ಕಾವಲನ್ನು ನಾವೇ ತೆಗೆದಿಡುವುದು ಸರಿಯೇ?

ನೆಟ್ ಸೆಂಟರಿನವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಮಕ್ಕಳ ಅರ್ಜಿ ಹೋಗಿರುವುದು ಅವರ ದಯದಿಂದಲೇ. ಆದರೆ ಅಲ್ಲಿ ಹೋದಾಗ ಇನ್‌ಕಾಗ್ನಿಟೊ ಕಿಟಕಿ ತೆರೆಯಲು ಹೇಳಿ. ಸಾಮಾನ್ಯ ಲಾಗಿನ್‌ಗಳು ಅದರಲ್ಲಿ ನಡೆಯುತ್ತವೆ. ಮುಚ್ಚಿದ ಕೂಡಲೇ ನಿಮ್ಮ ಚೀಟಿ ಅಳಿದುಹೋಗುತ್ತದೆ, ಮುಂದಿನವರು ಬಂದು ಕೂತರೆ ನಿಮ್ಮ ಖಾತೆ ತೆರೆಯುವುದಿಲ್ಲ. ಪಾಸ್‌ವರ್ಡನ್ನು ನೀವೇ ಒತ್ತಿ. ‘ಪಾಸ್‌ವರ್ಡ್ ಸೇವ್ ಮಾಡಲೇ?’ ಅಂತ ಕೇಳಿದರೆ ಬೇಡ ಅನ್ನಿ. ಇಳಿಸಿದ ಪಿಡಿಎಫ್ ಮಾತ್ರ ಇನ್‌ಕಾಗ್ನಿಟೊದಲ್ಲೂ ಹಾಗೇ ಉಳಿಯುತ್ತದೆ, ಅದನ್ನು ಅಳಿಸಿ ಬನ್ನಿ. ಶಾಲೆಯ ಲಾಗಿನ್ ಅಂತೂ ಯಾವ ಕಾರಣಕ್ಕೂ ಹೊರಗೆ ಕೊಡಬೇಡಿ. ಅದರ ಹಿಂದೆ ಇಡೀ ಶಾಲೆಯ ಮಕ್ಕಳ ವಿವರ ಇದೆ.

ಹೊರೆ ಯಾರ ಮೇಲಿರಬೇಕು?

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಕೈಲಾದದ್ದು. ಆದರೆ ಈ ಹೊರೆಯನ್ನು ನಾವೇ ಹೊರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಸಮಯದಲ್ಲಿ, ಮೇಲೆ ಹೇಳಿದ ಕ್ರೋಮ್‌ನ ಹೊಸ ನಿಯಮವನ್ನು ಗೂಗಲ್ ಕೆಲವು ತಿಂಗಳು ಹಿಂದಕ್ಕೆ ತಗೊಂಡಿತು. ಬ್ಯಾಂಕು, ಸರ್ಕಾರಿ ಸೇವೆ, ಆಸ್ಪತ್ರೆಗಳ ಜಾಲತಾಣಗಳು ಆ ಹೊತ್ತಿನಲ್ಲಿ ಕೈಕೊಡಬಾರದು ಅಂತ. ಜುಲೈನಲ್ಲಿ ಮತ್ತೆ ತಂದಿತು. ಅಂದರೆ ಏನಾಯಿತು? ಚೀಟಿಯ ನಿಯಮ ಬದಲಾದರೆ ಜನರ ಲಾಗಿನ್ ಕೆಡುತ್ತದೆ ಅನ್ನುವುದು ಅಷ್ಟು ದೊಡ್ಡ ಕಂಪನಿಗೆ ಗೊತ್ತಿತ್ತು. ಜಾಲತಾಣ ಕಟ್ಟುವವರಿಗೂ ಗೊತ್ತಿರಲೇಬೇಕು. ಗೊತ್ತಿಲ್ಲದೆ ಉಳಿದದ್ದು ನಮ್ಮ ಹುಡುಗಿಗೆ ಮಾತ್ರ. ಅತ್ತವಳೂ ಅವಳೇ.

ಆದ್ದರಿಂದ ಎರಡೂ ರಾಜ್ಯಗಳ, ಕೇಂದ್ರದ ಶಿಕ್ಷಣದ ಜಾಲತಾಣ ಕಟ್ಟುವವರಲ್ಲಿ ಮೂರು ಬೇಡಿಕೆ.

ಒಂದು, ಲಾಗಿನ್ ಪೂರ್ತಿ ನಿಮ್ಮದೇ ವಿಳಾಸದಲ್ಲಿ ನಡೆಯಲಿ. ಮೂರನೆಯವರ ಚೀಟಿ ಇಲ್ಲದೆ ಒಳಗೆ ಬಿಡುವುದು ಸಾಧ್ಯವಿದೆ, ಎಷ್ಟೋ ಜಾಲತಾಣಗಳು ಹಾಗೇ ನಡೆಯುತ್ತಿವೆ. ಮಗು ತನ್ನ ರಕ್ಷಣೆ ಕಳಚಿಟ್ಟು ಬಂದರೆ ಮಾತ್ರ ಒಳಗೆ ಅನ್ನುವ ಸರ್ಕಾರಿ ಬಾಗಿಲು ಇರಬಾರದು.

ಎರಡು, ಏನಾಯಿತು ಅಂತ ಹೇಳಿ. ಚೀಟಿ ಸಿಗದಿದ್ದರೆ ಅದನ್ನು ಜಾಲತಾಣ ಕಂಡುಹಿಡಿಯಬಹುದು. ‘ನಿಮ್ಮ ಬ್ರೌಸರ್ ಕುಕಿ ತಡೆಯುತ್ತಿದೆ, ಈ ಜಾಲತಾಣಕ್ಕೆ ಅನುಮತಿ ಕೊಡಿ’ ಅಂತ ಒಂದು ಸಾಲು ಬರೆಯಲು ಎಷ್ಟು ಖರ್ಚು? ಆ ಸಾಲು ತೆಲುಗಿನಲ್ಲಿ ಇರಲಿ, ಉರ್ದುವಿನಲ್ಲಿ ಇರಲಿ, ಕನ್ನಡದಲ್ಲೂ ಇರಲಿ. ಕನ್ನಡದಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆಯಲು ತೆಲಂಗಾಣದಲ್ಲಿ ಅವಕಾಶ ಇದೆಯಲ್ಲ, ಫಾರಂನ ತಪ್ಪನ್ನು ಕನ್ನಡದಲ್ಲಿ ಹೇಳಲು ಯಾಕಾಗಬಾರದು?

ಮೂರು, ಕೊನೆಯ ದಿನ ಲಾಗಿನ್ ಆಗದೆ ಉಳಿದ ಮಗುವಿಗೆ ಕಾಗದದ ದಾರಿ ಒಂದಿರಲಿ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಇರುವ ಅರ್ಜಿ ಜಿಲ್ಲಾ ಕಚೇರಿಗೆ ತಲುಪಿದರೆ ಅದನ್ನೂ ಪರಿಗಣಿಸಲಿ.

ನಮ್ಮ ಶಾಲೆಗಳಿಗೂ ಒಂದು ಮಾತು. ಕೃಷ್ಣಾ ಮಂಡಲದ ಕನ್ನಡ ಶಾಲೆಗಳಿಂದ ಹಿಡಿದು ಗದ್ವಾಲ್ ಕಡೆಯವರೆಗೆ ಅರ್ಜಿಯ ಕಾಲ ಬರುವ ಮುಂಚೆಯೇ, ಒಂಬತ್ತು ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪಿರಿಯಡ್ ಇದಕ್ಕೆ ಕೊಡಿ. ಚೀಟಿ ಅಂದರೇನು, ಕಾವಲು ಅಂದರೇನು, ಒಂದೇ ಜಾಲತಾಣಕ್ಕೆ ಅನುಮತಿ ಕೊಡುವುದು ಹೇಗೆ, ಇಷ್ಟು ಸಾಕು. ಬ್ರೌಸರಿನ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿ ತೋರಿಸಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಕನ್ನಡ ಇದೆ, ಆಗ ಸೆಟ್ಟಿಂಗ್ ಅನ್ನುವುದು ಭಯದ ಜಾಗವಾಗಿ ಉಳಿಯುವುದಿಲ್ಲ. ಕಲಿತ ಮಗು ಮನೆಗೆ ಹೋಗಿ ಅಪ್ಪನಿಗೆ ಕಲಿಸುತ್ತದೆ, ಓಣಿಗೆ ಕಲಿಸುತ್ತದೆ.

ಎಲ್ಲಕ್ಕಿಂತ ಮೊದಲು ಮಗುವಿಗೆ ಹೇಳಬೇಕಾದದ್ದು ಒಂದೇ. ‘ತಂಗಿ, ನೀ ತಪ್ಪು ಹಾಕಿಲ್ಲವ್ವ. ಬಾ, ಚೀಟಿ ಎಲ್ಲಿ ಬಿತ್ತು ನೋಡೋಣು.’